ಹಿಮ್ಮಡಿಯ ಬರ್ಸೈಟಿಸ್: ಚಪ್ಪಲಿ, ಗುಳಿಗೆ, ಫಿಸಿಯೋ, ಇಂಜೆಕ್ಷನ್, ಯಾರಿಗೆ ಯಾವುದು?

ಕಾಫಿ ಕೊಯ್ಲು ಶುರುವಾಯಿತು ಅಂದರೆ ನಮ್ಮ ಕಡೆ ಕಾಲುನೋವಿನವರು ಜಾಸ್ತಿಯಾಗುತ್ತಾರೆ. ಅರೇಬಿಕಾ ಮುಗಿದು ರೋಬಸ್ಟಾ ಹಿಡಿಯುವ ಹೊತ್ತಿಗೆ ಹಿಮ್ಮಡಿ ಹಿಂದೆ ಗಂಟು ಮಾಡಿಕೊಂಡು ಬರುವವರು ಒಬ್ಬಿಬ್ಬರಲ್ಲ. ಸಕಲೇಶಪುರ, ಮೂಡಿಗೆರೆ, ಆಲ್ದೂರಿನ ತೋಟದವರು, ಹಾಸನದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ನಿಂತೇ ಇರುವ ಹೆಣ್ಣುಮಕ್ಕಳು, ಬಸ್ ಕಂಡಕ್ಟರುಗಳು, ಮೇಷ್ಟ್ರುಗಳು. ಕೈಯಲ್ಲೊಂದು ಚೀಟಿ, ಅದರಲ್ಲಿ ಬರ್ಸೈಟಿಸ್ ಅಂತ ಬರೆದಿರುತ್ತದೆ. ಒಬ್ಬ ಡಾಕ್ಟರು ಇಂಜೆಕ್ಷನ್ ತಗೊಳ್ಳಿ ಅಂದಿದ್ದಾರೆ, ಇನ್ನೊಬ್ಬರು ಬೇಡವೇ ಬೇಡ ಅಂದಿದ್ದಾರೆ. ಮೆಡಿಕಲ್ ಸ್ಟೋರಿನವರು ಸಿಲಿಕಾನ್ ಪ್ಯಾಡ್ ಕೊಟ್ಟಿದ್ದಾರೆ. ಮನೆಯಲ್ಲಿ ಅತ್ತೆ ಎಕ್ಕದ ಎಲೆ ಕಿತ್ತು ತಂದಿಟ್ಟಿದ್ದಾರೆ. ಈಗ ಯಾವುದನ್ನು ಮಾಡೋದು?

ಫಿಸಿಯೋಥೆರಪಿ ನನ್ನ ಕಸುಬು. ಹಾಗಾಗಿ ನನ್ನ ಮಾತು ಸ್ವಲ್ಪ ಆ ಕಡೆ ವಾಲಬಹುದು, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓದಿ. ಆದರೂ ಮೊದಲೇ ಹೇಳಿಬಿಡುತ್ತೇನೆ. ಈ ನೋವಿಗೆ ಮೊದಲ ನೂರು ರೂಪಾಯಿ ಖರ್ಚು ಮಾಡಬೇಕಾದ್ದು ಸೂಜಿಗೂ ಅಲ್ಲ, ನನ್ನ ಮೆಷಿನ್ನಿಗೂ ಅಲ್ಲ. ನೀವು ಕಾಲಿಗೆ ಹಾಕುವುದಕ್ಕೆ.

ಒಳಗೆ ಏನಾಗಿದೆ

ಮೂಳೆ, ನರ (ಇಲ್ಲಿ ನರ ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ, ಟೆಂಡನ್), ಚರ್ಮ ಒಂದರ ಮೇಲೊಂದು ಉಜ್ಜುವ ಕಡೆ ದೇಹದಲ್ಲಿ ತೆಳುವಾದ ಚೀಲಗಳಿವೆ. ಒಳಗೆ ಒಂದಿಷ್ಟೇ ಇಷ್ಟು ಜಾರುವ ನೀರು. ಒಬ್ಬಟ್ಟು ತಟ್ಟುವಾಗ ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆ ಒಂದರ ಮೇಲೊಂದು ಜಾರುತ್ತವಲ್ಲ, ಹಾಗೆ. ಈ ಚೀಲವೇ ಬರ್ಸಾ. ಉಜ್ಜಾಟ, ಒತ್ತಡ ಮಿತಿ ಮೀರಿದರೆ ಚೀಲ ಕೆರಳಿ ಊದಿಕೊಳ್ಳುತ್ತದೆ, ನೀರು ತುಂಬುತ್ತದೆ, ಮುಟ್ಟಿದರೆ ನೋವು. ಅದೇ ಬರ್ಸೈಟಿಸ್. ಉಜ್ಜುವುದು ನಿಂತರೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲೇ ಇಳಿಯುತ್ತದೆ. ನಿಲ್ಲದಿದ್ದರೆ ಯಾವ ಔಷಧಿ ಕೊಟ್ಟರೂ ಮತ್ತೆ ಬರುತ್ತದೆ.

ಆರಿಸುವ ಮೊದಲು ನೋಡಬೇಕಾದ್ದು

ನಾನು ಐದು ವಿಷಯ ಕೇಳುತ್ತೇನೆ. ನೋವು ಸರಿಯಾಗಿ ಎಲ್ಲಿದೆ? ಎಷ್ಟು ದಿನದಿಂದ? ಸಕ್ಕರೆ ಕಾಯಿಲೆ, ಬಿಪಿ, ಗ್ಯಾಸ್ಟ್ರಿಕ್, ಕಿಡ್ನಿ ತೊಂದರೆ ಇದೆಯಾ? ಕೆಲಸಕ್ಕೆ ರಜೆ ಹಾಕಲು ಆಗುತ್ತದಾ? ಆಮೇಲೆ ದುಡ್ಡು ಮತ್ತು ದೂರ. ಕೊಟ್ಟಿಗೆಹಾರದಿಂದ ವಾರಕ್ಕೆ ಮೂರು ಸಲ ಚಿಕ್ಕಮಗಳೂರಿಗೆ ಬಂದು ಫಿಸಿಯೋ ಮಾಡಿಸಿಕೊಳ್ಳಿ ಅಂತ ಹೇಳುವುದು ಸುಲಭ. ಬಸ್ ಚಾರ್ಜು ಮತ್ತು ಹೋದ ಕೂಲಿ ಸೇರಿಸಿದರೆ ಫೀಸಿಗಿಂತ ಅದೇ ಜಾಸ್ತಿ.

ಇವುಗಳಲ್ಲಿ ಮೊದಲನೆಯದೇ ಮುಖ್ಯ. ಪಾದದಲ್ಲಿ ಬರ್ಸೈಟಿಸ್ ಆಗುವ ಜಾಗ ಒಂದೇ ಅಲ್ಲ, ಒಂದು ಜಾಗಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದು.

ಹಿಮ್ಮಡಿಯ ಹಿಂದೆ ಎರಡು ಚೀಲ ಇರಬಹುದು. ಒಂದು ಚರ್ಮಕ್ಕೂ, ಅಕಿಲಿಸ್ ಟೆಂಡನ್ ಅನ್ನುವ ಆ ದಪ್ಪ ನರಕ್ಕೂ ನಡುವೆ. ಇದು ಹುಟ್ಟಿನಿಂದ ಬಂದದ್ದಲ್ಲ, ಶೂ ಉಜ್ಜಿ ಉಜ್ಜಿ ದೇಹವೇ ಮಾಡಿಕೊಂಡದ್ದು. ಇದು ಕೆರಳಿದರೆ ಗಂಟು ಕಣ್ಣಿಗೇ ಕಾಣುತ್ತದೆ, ಮೇಲಿನ ಚರ್ಮ ಕೆಂಪಗೆ, ಒರಟಾಗಿ ಇರುತ್ತದೆ. ಇನ್ನೊಂದು ಚೀಲ ಒಳಗೆ, ನರಕ್ಕೂ ಹಿಮ್ಮಡಿ ಮೂಳೆಗೂ ನಡುವೆ, ಅದು ಎಲ್ಲರಿಗೂ ಇರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ನರದ ಎರಡೂ ಪಕ್ಕ, ಮೂಳೆಯ ಮೇಲಂಚಿನಲ್ಲಿ, ನರದ ಸ್ವಲ್ಪ ಮುಂದಕ್ಕೆ ಹಿಡಿದು ಅದುಮಿ ನೋಡಿ. ಅಲ್ಲಿ ಚುರಕ್ ಅಂದರೆ ಒಳಗಿನ ಚೀಲದ ಮೇಲೆ ಅನುಮಾನ. ದಿಣ್ಣೆ ಹತ್ತುವಾಗ ಇದು ಜಾಸ್ತಿಯಾಗುತ್ತದೆ, ಪಾದ ಮೇಲಕ್ಕೆ ಬಾಗಿದಾಗ ಚೀಲ ನಡುವೆ ಸಿಕ್ಕಿ ಅಪ್ಪಚ್ಚಿಯಾಗುವುದರಿಂದ. ಕೆಲವರಿಗೆ ಹಿಮ್ಮಡಿ ಮೂಳೆಯ ಮೇಲಿನ ಮೂಲೆಯೇ ಉಬ್ಬಿಕೊಂಡಿರುತ್ತದೆ. 1920ರ ದಶಕದಲ್ಲಿ ಇದನ್ನು ವಿವರಿಸಿದ ಸ್ವೀಡನ್ನಿನ ವೈದ್ಯ ಪ್ಯಾಟ್ರಿಕ್ ಹ್ಯಾಗ್ಲುಂಡ್ ಹೆಸರಲ್ಲೇ ಅದನ್ನು ಈಗಲೂ ಕರೆಯುತ್ತಾರೆ. ಅಂಥವರಿಗೆ ಗಟ್ಟಿ ಶೂ ಸ್ವಲ್ಪ ಒತ್ತಿದರೂ ಸಾಕು.

ಮೂರನೆಯ ಜಾಗ ಹಿಮ್ಮಡಿಯ ಅಡಿ. ನಾಲ್ಕನೆಯದು ಪಾದದ ಮುಂಭಾಗ, ಹೆಬ್ಬೆರಳ ಬುಡದ ಉಬ್ಬು ಇಲ್ಲವೇ ಬೆರಳುಗಳ ಬುಡದ ಸಂದು.

ಬರ್ಸೈಟಿಸ್ ಅಂದುಕೊಂಡದ್ದೆಲ್ಲ ಬರ್ಸೈಟಿಸ್ ಅಲ್ಲ ಅನ್ನುವುದೂ ಗೊತ್ತಿರಲಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಅಡಿಯಲ್ಲಿ ಮೊಳೆ ಚುಚ್ಚಿದಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾದರೆ ಅದು ಹೆಚ್ಚಾಗಿ ಪ್ಲಾಂಟಾರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯ ನೋವು. ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಾಗಿ, ಬಿಸಿಯಾಗಿ, ಬೆಡ್‌ಶೀಟ್ ತಾಗಿದರೂ ಜೀವ ಹೋಗುವಂತಾದರೆ ಯೂರಿಕ್ ಆಸಿಡ್ ಜಾಸ್ತಿಯಾಗಿ ಬರುವ ಗೌಟ್ ಇರಬಹುದು. ಹತ್ತು ಹನ್ನೆರಡು ವರ್ಷದ ಹುಡುಗ ಆಟ ಆಡಿ ಬಂದು ಹಿಮ್ಮಡಿ ಹಿಡಿದುಕೊಂಡರೆ ಅದು ಬೆಳೆಯುವ ಮೂಳೆಯ ನೋವು, ದಾರಿಯೇ ಬೇರೆ. ಇಪ್ಪತ್ತು ಮೂವತ್ತರ ಪ್ರಾಯದವರಿಗೆ ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಿಗ್ಗೆ ಸೊಂಟ ಮರಗಟ್ಟಿದ ಹಾಗೆ ಇದ್ದರೆ, ಪ್ಯಾಡ್ ಕೊಳ್ಳುವ ಮೊದಲು ರುಮಟಾಲಜಿ ಡಾಕ್ಟರಿಗೆ ತೋರಿಸಿ. ಅದು ಇಡೀ ಮೈಯ ಸಂಧಿವಾತದ ಮೊದಲ ಸುಳಿವು ಆಗಿರಬಹುದು.

ಕೆಲವಕ್ಕೆ ಕಾಯಲೇಬಾರದು. ಜ್ವರದ ಜೊತೆ ಗಂಟು ಕೆಂಪಾಗಿ ಬಿಸಿಯಾಗಿ ಹರಡುತ್ತಿದ್ದರೆ, ಮೇಲೆ ಗಾಯವಾಗಿ ಕೀವು ಬಂದರೆ, ಹಿಂದಿನಿಂದ ಯಾರೋ ಒದ್ದ ಹಾಗೆ ಆಗಿ ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ, ಕಾಲು ಊರಲೇ ಆಗದಿದ್ದರೆ, ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸಣ್ಣ ಹುಣ್ಣು ಕಂಡರೂ, ಅದೇ ದಿನ ಆಸ್ಪತ್ರೆಗೆ.

ಚಪ್ಪಲಿ, ಶೂ, ಪ್ಯಾಡ್

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಖರ್ಚು ಕಡಿಮೆ, ಅಪಾಯ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಆದರೂ ಹೆಚ್ಚು ಜನ ತಪ್ಪು ಮಾಡುವುದು ಇಲ್ಲೇ.

ಯಾರಾದರೂ ಬಂದರೆ ಮೊದಲು ಅವರ ಶೂ ಒಳಗೆ ಕೈ ಹಾಕುತ್ತೇನೆ. ಗಮ್‌ಬೂಟ್ ಆದರೆ ಹಿಮ್ಮಡಿ ಕೂರುವ ಕಡೆ ಒಳಗಿನ ಬಟ್ಟೆ ಸವೆದು ರಬ್ಬರ್ ಕಾಣಿಸುತ್ತಿರುತ್ತದೆ, ಬೆರಳಿಗೆ ಒಂದು ಗಡುಸಾದ ಏಣು ಸಿಗುತ್ತದೆ. ತೋಟದಲ್ಲಿ ಕೊಟ್ಟ ಬೂಟು ಒಂದು ಸೈಜು ದೊಡ್ಡದು, ಸಾಕ್ಸ್ ಜಾರಿ ಹಿಮ್ಮಡಿ ಹತ್ತಿರ ಮಡಿಕೆ ಬಿದ್ದಿದೆ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೆದ್ದು ಮತ್ತೆ ಇಳಿಯುತ್ತದೆ. ಇಳಿಜಾರಿನ ತೋಟದಲ್ಲಿ ದಿನವಿಡೀ ಇದೇ ನಡೆದರೆ ಯಾವ ಚೀಲ ತಡೆದುಕೊಳ್ಳುತ್ತದೆ?

ಗಂಟು ಹಿಮ್ಮಡಿಯ ಹಿಂದೆ ಚರ್ಮದ ಕೆಳಗೇ ಇದ್ದರೆ ಅತಿ ಒಳ್ಳೆಯ ಔಷಧಿ ಹಿಂದೆ ಪಟ್ಟಿಯೇ ಇಲ್ಲದ ಚಪ್ಪಲಿ. ಮನೆಯಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ ಇರುವವರಿಗೆ ಇಷ್ಟೇ ಸಾಕಾಗಬಹುದು. ಆದರೆ ಮಳೆಗಾಲದ ತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗಿ ಅಂತ ಹೇಳುವವರು ಜಿಗಣೆ ಕಂಡವರಲ್ಲ, ಹಾವಿನ ಮಾತು ಹಾಗಿರಲಿ. ಅವರಿಗೆ ಬೂಟೇ ಗತಿ. ಆಗ ಸರಿಯಾದ ಸೈಜು, ಮಂಡಿ ತನಕ ಬರುವ ದಪ್ಪ ಸಾಕ್ಸ್, ಮತ್ತು ದಪ್ಪ ಫೆಲ್ಟ್ ಬಟ್ಟೆಯನ್ನು ಕುದುರೆ ಲಾಳದ ಆಕಾರಕ್ಕೆ ಕತ್ತರಿಸಿ ಗಂಟಿನ ಸುತ್ತ ಅಂಟಿಸುವುದು. ಗಂಟಿನ ಮೇಲೆ ಅಲ್ಲ, ಸುತ್ತ. ಮೇಲೆ ಮೆತ್ತಗೆ ಹತ್ತಿ ಇಟ್ಟರೆ ಒತ್ತಡ ಇನ್ನೂ ಜಾಸ್ತಿಯಾಗುತ್ತದೆ. ಲೆದರ್ ಶೂ ಆದರೆ ಚಪ್ಪಲಿ ರಿಪೇರಿಯವರ ಹತ್ತಿರ ಹಿಂಭಾಗದ ಗಟ್ಟಿ ಪಟ್ಟಿಯನ್ನು ಸ್ವಲ್ಪ ಬಡಿಸಿ ಮೆತ್ತಗೆ ಮಾಡಿಸಿ. ನಮ್ಮೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಕೂರುವವರು ಇದನ್ನು ನೀವು ಟೀ ಕುಡಿದು ಬರುವುದರೊಳಗೆ ಮಾಡಿಕೊಡುತ್ತಾರೆ.

ಒಳಗಿನ ಚೀಲದ ತೊಂದರೆಗೆ ಬೇಕಾದ್ದು ಬೇರೆ, ಹಿಮ್ಮಡಿ ಸ್ವಲ್ಪ ಎತ್ತರದಲ್ಲಿರಬೇಕು. ಅರ್ಧ ಇಂಚಿಗಿಂತ ಕಡಿಮೆಯ ಹೀಲ್ ಪ್ಯಾಡ್ ಇಟ್ಟರೆ ನರದ ಎಳೆತ ತಗ್ಗಿ ಚೀಲಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಎರಡೂ ಕಾಲಿಗೆ ಇಡಿ, ಒಂದಕ್ಕೇ ಇಟ್ಟರೆ ಸೊಂಟ ಹಿಡಿದುಕೊಳ್ಳುತ್ತದೆ. ಹವಾಯಿ ಚಪ್ಪಲಿ ಇಲ್ಲಿ ಅರ್ಧ ಒಳ್ಳೆಯದು. ಹಿಂದೆ ಉಜ್ಜುವುದಿಲ್ಲ, ಸರಿ, ಆದರೆ ಸಪಾಟಾಗಿರುತ್ತದೆ. ಇನ್ನೊಂದು ಎಚ್ಚರಿಕೆ. ತಗ್ಗು ಅಂಚಿನ ಶೂಗೆ ಪ್ಯಾಡ್ ಹಾಕಿದರೆ ಹಿಮ್ಮಡಿ ಮೇಲೆದ್ದು, ಶೂ ಅಂಚು ಸರಿಯಾಗಿ ಗಂಟಿಗೇ ಬಂದು ಕೂರುತ್ತದೆ. ಪ್ಯಾಡ್ ಹಾಕಿಕೊಂಡ ಮೇಲೆ ನೋವು ಜಾಸ್ತಿಯಾಯಿತು ಅನ್ನುವವರಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಹಿಮ್ಮಡಿಯ ಅಡಿ ನೋವಿದ್ದವರಿಗೆ ಎಂ.ಸಿ.ಆರ್. (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ) ಚಪ್ಪಲಿ ನನ್ನ ಆಯ್ಕೆ. ನೋಡಲು ಚಂದ ಇಲ್ಲ, ಒಪ್ಪುತ್ತೇನೆ. ಮನೆಯೊಳಗೂ ಹಾಕಿ. ಗ್ರಾನೈಟು, ರೆಡ್ ಆಕ್ಸೈಡ್ ನೆಲದ ಮೇಲೆ ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಲ್ಲುವ ತಾಸುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ದೇವರ ಮನೆ ಇರುವಲ್ಲಿ ಚಪ್ಪಲಿ ಬೇಡ ಅನ್ನುವ ಮನೆಗಳಲ್ಲಿ ಒಲೆಯ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಕಿಕೊಳ್ಳಿ.

ಪಾದದ ಮುಂಭಾಗದ ಬರ್ಸೈಟಿಸ್‌ಗೆ ಎತ್ತರದ ಹಿಮ್ಮಡಿಯೇ ಶತ್ರು. ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಹಾಗಾಗಿ ಹಿಮ್ಮಡಿ ನೋವಿಗೆ ಅಕ್ಕ ಕೊಂಡ ಹೀಲ್ ಪ್ಯಾಡನ್ನು ತಂಗಿ ಮುಂಗಾಲ ನೋವಿಗೆ ಹಾಕಿಕೊಂಡರೆ ಉಲ್ಟಾ ಆಗುತ್ತದೆ. ಇವರಿಗೆ ಬೆರಳು ಹರಡಲು ಜಾಗ ಇರುವ ಅಗಲ ಮೂತಿಯ ಚಪ್ಪಲಿ ಬೇಕು. ಮುಂಗಾಲಿಗೆ ಆಸರೆ ಕೊಡುವ ಮೆಟಟಾರ್ಸಲ್ ಪ್ಯಾಡ್ ಹಾಕಿದರೆ ನೋವಿರುವ ಉಬ್ಬಿನ ಕೆಳಗೆ ಅಲ್ಲ, ಅದರ ಸ್ವಲ್ಪ ಹಿಂದೆ ಇಡಬೇಕು.

ಆನ್‌ಲೈನ್‌ನಲ್ಲಿ ಸಾವಿರಗಟ್ಟಲೆ ರೂಪಾಯಿಯ ಇನ್‌ಸೋಲ್ ಸಿಗುತ್ತವೆ. ಪಾದದ ಆಕಾರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಅಷ್ಟು ಬೇಕಿಲ್ಲ. ಮೊದಲು ಅಗ್ಗದ್ದು ಹಾಕಿ ನೋಡಿ, ಉಪಯೋಗ ಕಂಡರೆ ಆಮೇಲೆ ಗಟ್ಟಿಮುಟ್ಟಾದ್ದನ್ನು ಕೊಳ್ಳಬಹುದು.

ಐಸ್, ಜೆಲ್, ಗುಳಿಗೆ

ಊದಿ ಬಿಸಿಯಾಗಿರುವ ಮೊದಲ ಕೆಲವು ದಿನ ಐಸ್. ಪೇಪರ್ ಕಪ್‌ನಲ್ಲಿ ನೀರು ಹಾಕಿ ಫ್ರೀಜರ್‌ನಲ್ಲಿಡಿ, ಗಟ್ಟಿಯಾದ ಮೇಲೆ ಅಂಚು ಹರಿದು ಗಂಟಿನ ಮೇಲೆ ಮೆಲ್ಲಗೆ ಸುತ್ತು ಸುತ್ತಾಗಿ ಐದಾರು ನಿಮಿಷ ಆಡಿಸಿ. ಐಸ್ ಪ್ಯಾಕ್ ಆದರೆ ಬಟ್ಟೆ ಸುತ್ತಿ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರು ಮಾತ್ರ ಇದರ ಸಹವಾಸಕ್ಕೆ ಹೋಗಬೇಡಿ.

ಡೈಕ್ಲೋಫೆನಾಕ್ ಜೆಲ್ ಚರ್ಮದ ಕೆಳಗೇ ಇರುವ ನೋವಿಗೆ ಪರವಾಗಿಲ್ಲ. ಹೊಟ್ಟೆಗೆ ತೊಂದರೆ ಕಡಿಮೆ. ಒಳಗಿನ ಚೀಲಕ್ಕೆ ಅಷ್ಟಾಗಿ ಮುಟ್ಟುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಒತ್ತಿ ತಿಕ್ಕಬೇಡಿ, ಸವರಿ ಬಿಡಿ.

ಗುಳಿಗೆ ಬೇಗ ಕೆಲಸ ಮಾಡುತ್ತದೆ. ತೊಂದರೆ ಇರುವುದೂ ಅಲ್ಲೇ. ನೋವು ಹೋಯಿತು ಅಂತ ಅದೇ ಬೂಟು ಹಾಕಿಕೊಂಡು ಅದೇ ದಿಣ್ಣೆ ಹತ್ತಿದರೆ ಗುಳಿಗೆ ನಿಂತ ದಿನ ನೋವು ವಾಪಸ್. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಎಲ್ಲವೂ ಒಂದೇ ಜಾತಿ. ಅಲ್ಸರ್, ಕಿಡ್ನಿ, ಹೃದಯದ ತೊಂದರೆ, ಜಾಸ್ತಿ ಬಿಪಿ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮಳೆಗಾಲದಲ್ಲಿ ಇನ್ನೊಂದು ಮಾತು. ಜ್ವರ ಇದ್ದರೆ, ಅದು ಡೆಂಗಿ ಅಲ್ಲ ಅಂತ ಗೊತ್ತಾಗುವ ತನಕ ಇವು ಬೇಡ, ರಕ್ತಸ್ರಾವದ ಅಪಾಯ ಇರುತ್ತದೆ. ಅವರಿಗೆಲ್ಲ ಪ್ಯಾರಸಿಟಮಾಲ್ ವಾಸಿ, ಊತ ಇಳಿಸದಿದ್ದರೂ ನೋವು ತಗ್ಗಿಸುತ್ತದೆ. ಮಿಕ್ಕವರಿಗೆ ಡಾಕ್ಟರು ಹೇಳಿದಂತೆ, ಊಟದ ಮೇಲೆ, ಕೆಲವೇ ದಿನ. ಜನೌಷಧಿ ಕೇಂದ್ರದಲ್ಲಿ ಇವೇ ಮಾತ್ರೆಗಳು ಬಹಳ ಅಗ್ಗ.

ಸಂತೆಯಲ್ಲಿ ಸಿಗುವ, ಒಂದೇ ದಿನದಲ್ಲಿ ಎಲ್ಲ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳಿಂದ ದೂರ ಇರಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು.

ಎಕ್ಕದ ಎಲೆ, ಬಿಸಿ ಇಟ್ಟಿಗೆ, ಎಣ್ಣೆ

ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಊರುವುದು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಹಳೆಯ, ಮರಗಟ್ಟಿದ ಹಿಮ್ಮಡಿ ನೋವಿಗೆ ಕಾವು ಹಿತ ಕೊಡುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಂಪಗೆ ಊದಿರುವ ಚೀಲಕ್ಕೆ ಕಾವು ಕೊಟ್ಟರೆ ಊತ ಇನ್ನೂ ಏರಬಹುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಇಟ್ಟಿಗೆ ಎಷ್ಟು ಸುಡುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಬೊಬ್ಬೆ ಎದ್ದು ಹುಣ್ಣಾಗಿ ಬಂದ ಪಾದಗಳನ್ನು ನೋಡಿದ್ದೇನೆ, ಅದು ಬರ್ಸೈಟಿಸ್‌ಗಿಂತ ನೂರು ಪಾಲು ಕಷ್ಟ. ಎಕ್ಕದ ಹಾಲು ಚರ್ಮಕ್ಕೆ ತಾಗಿದರೆ ಉರಿ, ಕಣ್ಣಿಗಂತೂ ಬಹಳ ಕೆಟ್ಟದ್ದು. ಎಣ್ಣೆ ಹಚ್ಚಿ ಮೀನಖಂಡ ನೀವಿಸಿಕೊಳ್ಳಿ, ಒಳ್ಳೆಯದೇ. ಗಂಟನ್ನೇ ಹೆಬ್ಬೆರಳಲ್ಲಿ ಒತ್ತಿ ಕರಗಿಸುತ್ತೇನೆ ಅನ್ನುವವರಿಗೆ ಕಾಲು ಕೊಡಬೇಡಿ. ಆಯುರ್ವೇದವೇ ಬೇಕು ಅಂದರೆ ಹಾಸನದಲ್ಲಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯೇ ಇದೆ, ಓದಿದ ವೈದ್ಯರು ಕೈಹಿಡಿದು ನೋಡುತ್ತಾರೆ.

ಫಿಸಿಯೋಥೆರಪಿ

ಎರಡು ಮೂರು ವಾರ ಚಪ್ಪಲಿ ಬದಲಿಸಿ, ಓಡಾಟ ಕಡಿಮೆ ಮಾಡಿದರೂ ನೋವು ಹಾಗೇ ಇದ್ದರೆ ಮುಂದಿನ ಹೆಜ್ಜೆ ಇದು. ಮೀನಖಂಡ ಬಿಗಿಯಾಗಿದ್ದರೆ ನರ ಹಿಮ್ಮಡಿ ಮೂಳೆಯ ಮೇಲೆ ಚೀಲವನ್ನು ಒತ್ತುತ್ತಲೇ ಇರುತ್ತದೆ. ಅದನ್ನು ಸಡಿಲ ಮಾಡಿ, ಬಲ ತುಂಬಬೇಕು.

ಯೂಟ್ಯೂಬ್ ನೋಡಿ ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿಯನ್ನು ಕೆಳಕ್ಕೆ ಇಳಿಬಿಡುವ ವ್ಯಾಯಾಮ ಮಾಡುವವರು ಬಹಳ. ನರದ ಮಧ್ಯಭಾಗದ ನೋವಿಗೆ ಅದು ಒಳ್ಳೆಯದು. ಹಿಮ್ಮಡಿಯೊಳಗಿನ ಬರ್ಸೈಟಿಸ್‌ಗೆ ಬೇಡ, ಹಿಮ್ಮಡಿ ಇಳಿದಷ್ಟೂ ಚೀಲ ಹಿಸುಕುತ್ತದೆ. ಬದಲಿಗೆ ಸಪಾಟು ನೆಲದ ಮೇಲೆ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ, ನಿಧಾನಕ್ಕೆ ಇಳಿಸಿ, ನೆಲ ಮುಟ್ಟಿದಲ್ಲಿಗೆ ನಿಲ್ಲಿಸಿ. ಮಾಡುವಾಗ ಸಣ್ಣ ನೋವು ಇದ್ದರೆ ಅಡ್ಡಿಯಿಲ್ಲ, ಮಾರನೆಯ ಬೆಳಿಗ್ಗೆ ಜಾಸ್ತಿಯಾಗಿದ್ದರೆ ಕಡಿಮೆ ಮಾಡಿ. ಬಲ ಬರಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಇದೇ ಇದರ ದೊಡ್ಡ ಕೊರತೆ, ತಾಳ್ಮೆ ಬೇಕು.

ಮೆಷಿನ್‌ಗಳ ಬಗ್ಗೆ ಹೇಳಿದರೆ ನನ್ನ ಕಸುಬಿನವರೇ ಬೇಜಾರು ಮಾಡಿಕೊಳ್ಳಬಹುದು. ಅಲ್ಟ್ರಾಸೌಂಡ್ ತೆರಪಿ, ಕರೆಂಟ್ ಹಿಡಿಸುವುದು ಒಂದಷ್ಟು ಹೊತ್ತಿನ ಆರಾಮ, ಅಷ್ಟೇ. ದಿನಾ ಬಂದು ಮೆಷಿನ್ ಕೆಳಗೆ ಕೂತು ಎದ್ದು ಹೋಗಿ ಅನ್ನುವ ಕಡೆ, ವ್ಯಾಯಾಮ ಹೇಳಿಕೊಡದಿದ್ದರೆ, ನಿಮ್ಮ ದುಡ್ಡು ದಂಡ. ದೂರದಿಂದ ಬರುವವರು ನೇರವಾಗಿ ಕೇಳಿ: ಹೇಳಿಕೊಟ್ಟರೆ ಮನೆಯಲ್ಲೇ ಮಾಡಿ ಎರಡು ವಾರಕ್ಕೊಮ್ಮೆ ಬರಬಹುದಾ? ಬಹುಮಟ್ಟಿಗೆ ಬರಬಹುದು. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜಿನ ಹಿಮ್ಸ್ ಆಸ್ಪತ್ರೆಯಲ್ಲಿ, ಚಿಕ್ಕಮಗಳೂರಿನಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿದ ಜಿಲ್ಲಾಸ್ಪತ್ರೆಯಲ್ಲಿ ಮೂಳೆ ವಿಭಾಗ ಇದೆ. ಕಾಯುವುದು ಜಾಸ್ತಿ, ಖರ್ಚು ಕಡಿಮೆ.

ಶಾಕ್‌ವೇವ್ ತೆರಪಿ, ಅಂದರೆ ನೋವಿನ ಜಾಗಕ್ಕೆ ಮೆಷಿನ್ನಿಂದ ಒತ್ತಡದ ಅಲೆ ಹಾಯಿಸುವುದು, ಬೇರೆ. ನರ ಮೂಳೆಗೆ ಸೇರುವ ಕಡೆಯ ಹಳೆ ನೋವೂ ಜೊತೆಗಿದ್ದು, ತಿಂಗಳುಗಟ್ಟಲೆ ವ್ಯಾಯಾಮಕ್ಕೂ ಬಗ್ಗದಿದ್ದರೆ ಕೇಳಿ ನೋಡಬಹುದು. ಸಾಮಾನ್ಯವಾಗಿ ವಾರಕ್ಕೊಂದರಂತೆ ಮೂರರಿಂದ ಐದು ಸಲ. ಎಲ್ಲ ಊರಲ್ಲೂ ಸಿಗುವುದಿಲ್ಲ, ಅಗ್ಗವೂ ಅಲ್ಲ.

ಇಂಜೆಕ್ಷನ್

ಎಲ್ಲರೂ ಕೇಳುವುದು ಇದನ್ನೇ. ಸ್ಟೀರಾಯ್ಡ್ ಇಂಜೆಕ್ಷನ್ ಊತವನ್ನು ಬೇಗ ಇಳಿಸುತ್ತದೆ, ಕೆಲವರಿಗೆ ವಾರದೊಳಗೆ ಹಗುರವಾಗುತ್ತದೆ. ಬೆಲೆಯೂ ಹತ್ತು ಸಲದ ಫಿಸಿಯೋಗಿಂತ ಕಡಿಮೆ ಬೀಳಬಹುದು. ಹಾಗಾದರೆ ಹಿಂಜರಿಕೆ ಯಾಕೆ?

ಜಾಗ ಅಂಥದ್ದು. ಹಿಮ್ಮಡಿಯ ಹಿಂದಿನ ಚೀಲಕ್ಕೆ ಅಂಟಿಕೊಂಡೇ ಅಕಿಲಿಸ್ ನರ ಇದೆ. ಸ್ಟೀರಾಯ್ಡ್ ನರಕ್ಕೆ ತಾಗಿದರೆ ಅದು ದುರ್ಬಲವಾಗುತ್ತದೆ, ಹರಿಯಲೂಬಹುದು. ಹರಿದರೆ ಪ್ಲಾಸ್ಟರ್ ಇಲ್ಲವೇ ಆಪರೇಷನ್, ತಿಂಗಳುಗಟ್ಟಲೆ ಮನೆ. ಹಿಮ್ಮಡಿಯ ಅಡಿಗೆ ಕೊಟ್ಟರೆ ಅಲ್ಲಿನ ಕೊಬ್ಬಿನ ಮೆತ್ತೆ ತೆಳುವಾಗುವ ಅಪಾಯ. ಚರ್ಮದ ಹತ್ತಿರ ಕೊಟ್ಟರೆ ಬಣ್ಣ ಬಿಳಿಚಿಕೊಳ್ಳಬಹುದು. ಮುಂಗಾಲ ಬೆರಳ ಸಂದಿನ ಬರ್ಸೈಟಿಸ್‌ಗೆ ಲೆಕ್ಕ ಬೇರೆ, ಅಲ್ಲಿ ಅಕಿಲಿಸ್‌ನಂಥ ದೊಡ್ಡ ನರ ಪಕ್ಕದಲ್ಲಿಲ್ಲ, ನನಗೂ ಅಷ್ಟು ಹಿಂಜರಿಕೆ ಇಲ್ಲ.

ಆದ್ದರಿಂದ ಹಿಮ್ಮಡಿ ಹಿಂದಿನದಕ್ಕೆ ಇಂಜೆಕ್ಷನ್ ಬೇಕೇ ಬೇಕು ಅನ್ನುವ ಹಂತ ಬಂದರೆ, ಸ್ಕ್ಯಾನ್ ನೋಡಿಕೊಂಡು ಕೊಡುವ ಕಡೆ ತಗೊಳ್ಳಿ, ಅದಕ್ಕೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕಾಗಿ ಬಂದರೂ ಸರಿ. ಸೂಜಿ ಚೀಲದೊಳಗೇ ಇದೆಯಾ ಅನ್ನುವುದು ಪರದೆಯಲ್ಲಿ ಕಾಣುತ್ತದೆ. ಆಮೇಲೆ ಎರಡು ವಾರವಾದರೂ ಓಟ, ಭಾರ, ದಿಣ್ಣೆ ಬೇಡ. ನೋವಿಲ್ಲ ಅಂತ ಮೂರನೇ ದಿನಕ್ಕೇ ಮೂಟೆ ಹೊತ್ತರೆ ನರಕ್ಕೆ ಅದೇ ಕುತ್ತು. ಅಷ್ಟು ರಜೆ ಸಿಗದವರಿಗೆ ಇಂಜೆಕ್ಷನ್ ಒಳ್ಳೆಯ ಆಯ್ಕೆ ಅಲ್ಲ. ಬೇಗ ಕೆಲಸಕ್ಕೆ ಹೋಗಬೇಕು ಅಂತಲೇ ಇದನ್ನು ಕೇಳುವವರಿಗೆ ಈ ಮಾತು ಹಿಡಿಸುವುದಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಇಂಜೆಕ್ಷನ್ ನಂತರ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಡಾಕ್ಟರಿಗೆ ಹೇಳಿ, ಮನೆಯಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಸೋಂಕಿನ ಅನುಮಾನ ಇದ್ದರೆ ಸ್ಟೀರಾಯ್ಡ್ ಕೊಡುವಂತೆಯೇ ಇಲ್ಲ, ಮೊದಲು ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು. ಇತ್ತೀಚೆಗೆ ಸಿಪ್ರೊಫ್ಲೋಕ್ಸಾಸಿನ್, ಲಿವೊಫ್ಲೋಕ್ಸಾಸಿನ್ ತಗೊಂಡಿದ್ದರೆ ಅದನ್ನೂ ಹೇಳಿ. ಆ ಆಂಟಿಬಯಾಟಿಕ್‌ಗಳು ತಾವೇ ಅಕಿಲಿಸ್ ನರವನ್ನು ದುರ್ಬಲ ಮಾಡಬಲ್ಲವು.

ಎಕ್ಸ್‌ರೇ, ಸ್ಕ್ಯಾನ್, ಆಪರೇಷನ್

ಎಕ್ಸ್‌ರೇಯಲ್ಲಿ ಚೀಲ ಕಾಣುವುದಿಲ್ಲ. ಮೂಳೆಯ ಉಬ್ಬು, ಬಿರುಕು ಕಾಣುತ್ತದೆ. ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ ಅಂತ ಕೇಳಿದ ಕೂಡಲೇ ಜನ ಹೆದರುತ್ತಾರೆ. ಅಂಥ ಮುಳ್ಳು ನೋವೇ ಇಲ್ಲದ ಎಷ್ಟೋ ಜನರಲ್ಲೂ ಇರುತ್ತದೆ, ಅದೊಂದನ್ನೇ ನೋಡಿ ಆಪರೇಷನ್‌ಗೆ ಓಡುವುದು ಬೇಡ. ಚೀಲದ ನೀರು, ನರದ ಸ್ಥಿತಿ ನೋಡಲು ಅಲ್ಟ್ರಾಸೌಂಡ್ ಸ್ಕ್ಯಾನ್ ಸಾಕು. ಎಂ.ಆರ್.ಐ. ಬೇಕಾಗುವುದು ಆಪರೇಷನ್ ಮಾತು ಬಂದಾಗ, ಇಲ್ಲವೇ ರೋಗವೇ ಬೇರೆ ಅನ್ನುವ ಅನುಮಾನ ಬಂದಾಗ.

ಆಪರೇಷನ್‌ನಲ್ಲಿ ಚೀಲ ತೆಗೆದು, ಉಬ್ಬಿದ ಮೂಳೆಯನ್ನು ಕೆರೆಯುತ್ತಾರೆ. ಕಡಿಮೆ ಎಂದರೂ ಮೂರರಿಂದ ಆರು ತಿಂಗಳು ಮಿಕ್ಕದ್ದನ್ನೆಲ್ಲ ಸರಿಯಾಗಿ ಮಾಡಿ ನೋಡದೆ ಇದಕ್ಕೆ ಒಪ್ಪಬೇಡಿ. ದೂರ್ಬೀನು ಹಾಕಿ ಸಣ್ಣ ರಂಧ್ರದಲ್ಲಿ ಮಾಡಿದರೆ ಬೇಗ ಓಡಾಡಬಹುದು. ನರ ಬಿಡಿಸಿ ಮತ್ತೆ ಜೋಡಿಸಬೇಕಾಗಿ ಬಂದರೆ ಪೂರ್ತಿ ಬಲ ಬರಲು ವರ್ಷವೇ ಹಿಡಿಯಬಹುದು. ಯಾವುದು ಮಾಡುತ್ತೀರಿ, ನರ ಬಿಡಿಸುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, 1.5 ಲಕ್ಷದ ಮಿತಿಯಲ್ಲಿ ನೆರವು ಇದೆ. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

ಹಾಗಾದರೆ ನಿಮಗೆ?

ತೋಟದ ಕೆಲಸ, ರಜೆ ಇಲ್ಲ, ಹಿಮ್ಮಡಿ ಹಿಂದೆ ಗಂಟು: ಸರಿಯಾದ ಸೈಜಿನ ಬೂಟು, ಲಾಳದ ಫೆಲ್ಟು, ರಾತ್ರಿ ಐಸ್. ಮೇಸ್ತ್ರಿಗೆ ಹೇಳಿ ಒಂದೆರಡು ವಾರ ಇಳಿಜಾರು ಬಿಟ್ಟು ಕಣದ ಕೆಲಸ ಹಾಕಿಸಿಕೊಳ್ಳಿ. ಕಾಫಿ ಒಣಗಿಸುವ ಕಣದಲ್ಲಿ ಪಟ್ಟಿ ಇಲ್ಲದ ಚಪ್ಪಲಿಯಲ್ಲೇ ಓಡಾಡಬಹುದು. ಖರ್ಚು ಹೆಚ್ಚೆಂದರೆ ಹೊಸ ಬೂಟಿನದು.

ಗಾರ್ಮೆಂಟ್ಸ್ ಕೆಲಸದವರಿಗೆ ಇ.ಎಸ್.ಐ. (ನೌಕರರ ವಿಮೆ) ಕಾರ್ಡ್ ಇದ್ದರೆ ಅದನ್ನು ಬಳಸಿ. ವಂತಿಗೆಯ ಶರತ್ತು ಪೂರೈಸಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಮೇಲೆ ರಜೆಯ ದಿನಗಳಿಗೆ ಸಂಬಳದ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದ ತನಕ ಸಿಗುತ್ತದೆ. ನೋವು ನುಂಗಿಕೊಂಡು ನಿಲ್ಲುವುದಕ್ಕಿಂತ ಎರಡು ವಾರದ ರಜೆ ಮತ್ತು ಹೇಳಿಸಿಕೊಂಡ ವ್ಯಾಯಾಮ ಲಾಭ.

ಸಕ್ಕರೆ ಕಾಯಿಲೆ ಇರುವ ಹಿರಿಯರು ಎಂ.ಸಿ.ಆರ್. ಚಪ್ಪಲಿ, ದಿನಾ ರಾತ್ರಿ ಪಾದ ನೋಡಿಕೊಳ್ಳುವುದು, ಪ್ಯಾರಸಿಟಮಾಲ್, ಫಿಸಿಯೋ ಇಷ್ಟಕ್ಕೆ ನಿಲ್ಲಿ. ಇಟ್ಟಿಗೆಯೂ ಬೇಡ, ಐಸೂ ಬೇಡ. ಇಂಜೆಕ್ಷನ್ ನಿಮ್ಮ ಸಕ್ಕರೆ ಡಾಕ್ಟರು ಒಪ್ಪಿದ ಮೇಲೆ ಮಾತ್ರ.

ದುಡ್ಡಿಗೆ ತೊಂದರೆ ಇಲ್ಲ, ಮೂರು ತಿಂಗಳಿಂದ ನೋವು ಹೋಗಿಲ್ಲ, ಬೂಟು ಬದಲಿಸಿ ವ್ಯಾಯಾಮವನ್ನೂ ಬಿಡದೆ ಮಾಡಿದ್ದೀರಿ ಅಂದರೆ ಆಗ ಸ್ಕ್ಯಾನ್ ಮಾಡಿಸಿ, ಶಾಕ್‌ವೇವ್ ಅಥವಾ ಸ್ಕ್ಯಾನ್ ನೋಡಿ ಕೊಡುವ ಇಂಜೆಕ್ಷನ್ ಬಗ್ಗೆ ಮೂಳೆ ಡಾಕ್ಟರ ಹತ್ತಿರ ಮಾತಾಡಿ. ಹೋಗುವಾಗ ದಿನಾ ಹಾಕುವ ಶೂ ಕವರಿನಲ್ಲಿ ಹಾಕಿಕೊಂಡು ಹೋಗಿ. ಒಳ್ಳೆಯ ಬಟ್ಟೆಗೆ ಹೊಂದುತ್ತದೆ ಅಂತ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೆ ನಾವು ನೋಡುವುದೇನನ್ನು?

ಕೊನೆಯದಾಗಿ ದೀಪಾವಳಿ ಹತ್ತಿರ ಬಂದಾಗ ಬರುವ ಪ್ರಶ್ನೆ. ದೇವೀರಮ್ಮನ ಬೆಟ್ಟಕ್ಕೆ ಹರಕೆ ಇದೆ, ಬರಿಗಾಲಲ್ಲಿ ಹತ್ತಬಹುದಾ? ಶ್ರವಣಬೆಳಗೊಳದ ವಿಂಧ್ಯಗಿರಿಯ ಬಗ್ಗೆಯೂ ಇದೇ ಕೇಳುತ್ತಾರೆ. ಅದುಮಿ ನೋಡಿದಾಗ ನೋವಿದ್ದರೆ ಈ ವರ್ಷ ಬೇಡ. ಹತ್ತುವಾಗ ಹಿಮ್ಮಡಿ ಪ್ರತಿ ಹೆಜ್ಜೆಗೂ ಒಳಗಿನ ಚೀಲವನ್ನು ಹಿಸುಕುತ್ತದೆ, ಬರಿಗಾಲಿಗೆ ಪ್ಯಾಡ್ ಇಡುವುದಾದರೂ ಎಲ್ಲಿ? ಒಂದೇ ಕಾಲಲ್ಲಿ ತುದಿಬೆರಳ ಮೇಲೆ ಇಪ್ಪತ್ತು ಸಲ ನೋವಿಲ್ಲದೆ ಎದ್ದು ಇಳಿಯಲು ಬಂದರೆ, ಮಾರನೆಯ ಬೆಳಿಗ್ಗೆಯೂ ಕಾಲು ಹಗುರವಾಗಿದ್ದರೆ, ಹತ್ತಿ. ಬೆಳಗೊಳದಲ್ಲಾದರೆ ಸಾಕ್ಸ್ ಹಾಕಿಕೊಳ್ಳಬಹುದು, ವಯಸ್ಸಾದವರಿಗೆ ಡೋಲಿಯೂ ಇದೆ.